ಏನೂ ಇಲ್ಲದ ಫೋಟೋಗಳು

ಎಲ್ಲ ಮುಗಿದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಇನ್ನು ಒಂದು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನೆಂಟರೆಲ್ಲ ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಅತ್ತೆ ಎರಡನ್ನೂ ಕಾಯಿಸಿದರು. ಹಾಲು ಕೆಡಬಾರದೆಂದು ಇಬ್ಬರೂ ಎರಡೆರಡು ಲೋಟ ಚಹಾ ಕುಡಿದೆವು.

ಆಮೇಲೆ ನಗರಸಭೆಯ ಏಣಿ ಗಾಡಿ ಬಂತು.

ನನ್ನ ಗಂಡ ನಗರಸಭೆಯ ಬೀದಿದೀಪ ವಿಭಾಗದಲ್ಲಿ ಎಂಜಿನಿಯರ್. ಹಗಲು ಊರಿಗೆಲ್ಲ ದೀಪ ಹಾಕಿಸುತ್ತಿದ್ದ. ರಾತ್ರಿ ತಾರಸಿಯ ಮೇಲೆ ನಿಂತು ಅದೇ ದೀಪಗಳಿಗೆ ಶಾಪ ಹಾಕುತ್ತಿದ್ದ. ಆಕಾಶದ ಫೋಟೋ ತೆಗೆಯುವುದು ಅವನ ಹುಚ್ಚು. ಊರಿನ ಕೊನೆಯ ಬೀದಿಯಲ್ಲಿ ಮನೆ ಹಿಡಿದದ್ದೂ ಅದಕ್ಕೇ. ನಮ್ಮೆದುರಿನ ಕಂಬದ ದೀಪ ನಾವು ಬಂದ ವಾರದಲ್ಲೇ ಕೆಟ್ಟಿತು. ಹೇಗೆ ಕೆಟ್ಟಿತು ಎಂದು ನಾನು ಕೇಳಲಿಲ್ಲ. ಬೀದಿಯವರು ಕೊಟ್ಟ ದೂರುಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು, ಅಲ್ಲೇ ಇರುತ್ತಿದ್ದವು.

ಲೈನ್‌ಮ್ಯಾನ್ ಕೆಲಸ ಮುಗಿಸಿ ಇಳಿದು, ಟೋಪಿ ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತ.

"ಸಾಹೇಬ್ರ ಮನೆ ಮುಂದೇನೇ ಕತ್ಲು ಮೇಡಂ. ನಮ್ಮನೆ ದೀಪ ಮೊದ್ಲು ಹಾಕ್ರೋ ಅಂತ ಒಂದಿನಾನೂ ಹೇಳಿದೋರಲ್ಲ. ಅಂಥಾ ಮನುಷ್ಯ. ನಾವೆಲ್ಲಾ ಸೇರಿ ಡಬಲ್ ಪವರ್‌ದೇ ಹಾಕಿದೀವಿ."

"ತುಂಬಾ ಉಪಕಾರ ಆಯ್ತು," ಎಂದೆ.

ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ. ಅವನು ಅದನ್ನು ಗಮನಿಸಿ, ದುಃಖ ಹೆಚ್ಚಾದರೆ ಹೀಗಾಗುತ್ತದೆ ಎಂದು ಸಹಾಯಕನಿಗೆ ಮೆಲ್ಲಗೆ ಹೇಳಿದ. ನನಗೆ ಕೇಳಿಸಿತು. ಇರಬಹುದು.

ಅತ್ತೆ ವರ್ಷಗಟ್ಟಲೆ ಹೆದರಿದ್ದು ಮಗ ತಾರಸಿಯಿಂದ ಬೀಳುತ್ತಾನೆಂದು. ಅವನು ಹೋದದ್ದು ಹಾಡಹಗಲು, ಕಚೇರಿಯಲ್ಲಿ, ಕುರ್ಚಿಗೆ ಒರಗಿ. ಜೊತೆಯವರು ನಿದ್ದೆ ಎಂದುಕೊಂಡು ಊಟದ ಹೊತ್ತಿನವರೆಗೆ ಎಬ್ಬಿಸಲಿಲ್ಲ. ಅವನು ರಾತ್ರಿಯೆಲ್ಲ ಎಚ್ಚರವಿರುತ್ತಾನೆಂದು ಅವರಿಗೆಲ್ಲ ಗೊತ್ತಿತ್ತು. ಫ್ಯಾನನ್ನು ಅವನ ಕಡೆ ತಿರುಗಿಸಿದ್ದರಂತೆ.

ಗಾಡಿ ಹೋದ ಮೇಲೆ ಫೋನು ಬಂತು. ಸ್ಮೈಲ್ ಮಾಮ. ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ತಾವು ಎಂದೂ ನಗದೆ, ಎದುರು ಕುಳಿತವರಿಗೆಲ್ಲ "ಸ್ಮೈಲ್, ಸ್ಮೈಲ್" ಎಂದು ಗದರುತ್ತಾರೆ. ಅದರಿಂದ ಬಂದ ಹೆಸರು.

"ಹೇಗಿದೀಯಮ್ಮಾ? ಊಟಗೀಟ ಮಾಡ್ತಿದೀರಾ ಇಬ್ರೂ? ಏನಿಲ್ಲ, ಸುಮ್ನೆ ಫೋನ್ ಮಾಡ್ದೆ."

"ಲೆನ್ಸ್ ವಿಷಯವಾ ಮಾಮ?"

"ಅಯ್ಯಯ್ಯೋ, ಬಿಡಮ್ಮ. ಇಂಥಾ ಹೊತ್ತಲ್ಲಿ ಲೆನ್ಸಂತೆ. ನಿಧಾನಕ್ಕೆ ಕೊಡು. ನಿಧಾನ ಅಂದ್ರೆ, ಶನಿವಾರದಿಂದ ನರ್ಸಿಂಗ್ ಕಾಲೇಜಿನ ಹುಡುಗೀರ ಫೋಟೋ. ಒಬ್ಬೊಬ್ಬರದೂ ತೆಗೀಬೇಕು. ಇನ್ನೊಂದು ಲೆನ್ಸ್‌ಗೆ ಬೂಷ್ಟು ಹಿಡಿದಿದೆ. ಅದ್ರಲ್ಲಿ ತೆಗೆದ್ರೆ ಎಲ್ರೂ ಮಂಜಲ್ಲಿ ನಿಂತ ಹಾಗೆ ಬರ್ತಾರೆ. ಆದ್ರೂ ನೀನು ನಿಧಾನಕ್ಕೇ ಕೊಡು."

"ಶನಿವಾರ ಬೆಳಿಗ್ಗೆ ತಂದುಕೊಡ್ತೀನಿ."

"ಅಷ್ಟು ಅವಸರ ಏನೂ ಇಲ್ಲ," ಎಂದು ನಿಟ್ಟುಸಿರು ಬಿಟ್ಟರು. ಬಹಳ ಹಗುರಾದ ನಿಟ್ಟುಸಿರು.

ಆ ಲೆನ್ಸನ್ನು ಅವನು ಒಂದು ವಾರಕ್ಕೆಂದು ತಂದು ಒಂದು ವರ್ಷ ಇಟ್ಟುಕೊಂಡಿದ್ದ. ಮುಖದ ಫೋಟೋ ತೆಗೆಯುವ ಲೆನ್ಸು. ಊರಿನ ಅರ್ಧ ಜನರ ಮುಖ ಅದರೊಳಗೆ ಹಾದುಹೋಗಿದೆ. ಅದನ್ನು ಅವನು ನಕ್ಷತ್ರಗಳಿಗೆಂದೇ ಮಾಡಿದ ಕ್ಯಾಮೆರಾಗೆ ಜೋಡಿಸಿದ್ದ. ಆ ಕ್ಯಾಮೆರಾ ನೋಡಲು ಕೆಂಪು ಡಬ್ಬಿ. ಪರದೆ ಇಲ್ಲ, ಗುಂಡಿ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಒಳಗೊಂದು ತಂಪು ಮಾಡುವ ಯಂತ್ರ, ಹಿಂದೊಂದು ಫ್ಯಾನು, ಒಂದು ತಂತಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮಾತ್ರ ಅದಕ್ಕೆ ಜೀವ. ಅತ್ತೆ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದರು.

ಟೆಲಿಸ್ಕೋಪ್ ಯಾಕಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. "ಟೆಲಿಸ್ಕೋಪ್ ಅಂದ್ರೆ ಬೀಗದ ಕಿಂಡೀಲಿ ಇಣುಕಿದ ಹಾಗೆ. ಲೆನ್ಸ್ ಅಂದ್ರೆ ಬಾಗಿಲೇ ತೆಗೆದ ಹಾಗೆ," ಎಂದಿದ್ದ. ಬಾಗಿಲು ತೆಗೆಯುವುದು ಸುಲಭವಿರಲಿಲ್ಲ. ಒಂದು ಕಂಪನಿಯ ಕ್ಯಾಮೆರಾಗೆ ಮಾಡಿದ ಲೆನ್ಸನ್ನು ಇನ್ನೊಂದು ಕಂಪನಿಯ ಡಬ್ಬಿಗೆ ಹಾಕಿದರೆ ಎರಡರ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಬಾರದಂತೆ. ತಪ್ಪಿದರೆ ಮೂಲೆಯ ನಕ್ಷತ್ರಗಳು ಬಾಲ ಬಿಡುತ್ತವೆ. ಉಂಗುರದ ಮೇಲೆ ಉಂಗುರ ಹಾಕಿ, ಕೊನೆಗೆ ಉಳಿದ ಚೂರು ಅಂತರಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಬಳೆಯಾಕಾರಕ್ಕೆ ಕತ್ತರಿಸಿ ಕೂರಿಸಿದ. ಆ ಪ್ಲಾಸ್ಟಿಕ್ ನನ್ನ ಎಂ.ಎಸ್ಸಿ. ಪ್ರಬಂಧದ ಮೇಲುಹೊದಿಕೆ. ಸಂಖ್ಯಾಶಾಸ್ತ್ರ, ಸರದಿ ಸಾಲಿನಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆ ಎಂಬುದರ ಬಗ್ಗೆ. ಅದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಆಕಾಶದ ಒಂದೇ ಮೂಲೆಯನ್ನು ವರ್ಷವಿಡೀ ತೆಗೆದ. ಏನದು ಎಂದು ಅತ್ತೆ ಕೇಳಿದರೂ ನಾನು ಕೇಳಿದರೂ ಒಂದೇ ಉತ್ತರ: ಮುಗಿದ ಮೇಲೆ ತೋರಿಸ್ತೀನಿ.

ಅವನ ಫೋಟೋವೇ ನಮ್ಮಲ್ಲಿರಲಿಲ್ಲ. ಹೆಣದ ಪಕ್ಕ ಇಡಲು ಕಚೇರಿಯ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಬೇಕಾಯಿತು. ಅದರಲ್ಲಿ ಅವನು ಯಾರೋ ಹೆಸರು ಕರೆದ ಹಾಗೆ ನೋಡುತ್ತಾನೆ.

ಅದೇ ದಿನ ಸಂಜೆ ಸಂಘದವರು ಬಂದರು. ಆಕಾಶ ನೋಡುವವರ ಸಂಘ. ಇದ್ದದ್ದೇ ಮೂವರು, ಈಗ ಇಬ್ಬರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು. ಸೋಫಾದ ಎರಡು ತುದಿಯಲ್ಲಿ ಕುಳಿತರು. ಚಹಾ ಬಂದ ಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಲೆನ್ಸ್ ಇನ್ನೂ ಕ್ಯಾಮೆರಾ ಮೇಲೇ ಇದೆಯಾ?"

"ಇದೆ. ಶನಿವಾರ ವಾಪಸ್ ಕೊಡಬೇಕು."

ಇಬ್ಬರೂ ಒಟ್ಟಿಗೆ ಲೋಟ ಕೆಳಗಿಟ್ಟರು.

"ಬಿಚ್ಚಬೇಡಿ!" ಎಂದರು ಡಾಕ್ಟರು. "ಅವನು ಫ್ಲ್ಯಾಟ್ ತೆಗೆದಿಲ್ಲ. ಹೋಗೋ ಹಿಂದಿನ ದಿನ ತಾನೇ ಹೇಳ್ದ, ಭಾನುವಾರ ತೆಗೀತೀನಿ ಅಂತ."

ಫ್ಲ್ಯಾಟ್ ಎಂದರೆ ಏನೆಂದು ಮೇಷ್ಟ್ರು ವಿವರಿಸಿದರು. ಯಾವ ಲೆನ್ಸೂ ಮೂಲೆಗಳಿಗೆ ನಡುವಿಗೆ ಕೊಟ್ಟಷ್ಟು ಬೆಳಕು ಕೊಡುವುದಿಲ್ಲ. ಒಳಗಿನ ಗಾಜಿನ ಮೇಲೆ ದೂಳು ಕುಳಿತಿದ್ದರೆ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ನೆರಳು. ಆದ್ದರಿಂದ ಲೆನ್ಸನ್ನು ಬಿಚ್ಚದೆ, ಕದಲಿಸದೆ, ಮುಂದೆ ಬಿಳಿ ಬಟ್ಟೆ ಕಟ್ಟಿ ಬರೀ ಬೆಳಕಿನ ಫೋಟೋ ತೆಗೆಯಬೇಕು. ಏನೂ ಇಲ್ಲದ ಫೋಟೋ. ಅದರಿಂದ ನಿಜವಾದ ಫೋಟೋವನ್ನು ಭಾಗಿಸಿದರೆ ಲೆನ್ಸಿನ ದೋಷ ಹೋಗಿ ಆಕಾಶ ಉಳಿಯುತ್ತದೆ.

"ಅದಿಲ್ಲದೆ ಆಗಲ್ವಾ?"

"ಬೇರೆ ಏನಾದ್ರೂ ಆಗಿದ್ರೆ ನಡೀತಿತ್ತಮ್ಮ. ಇವನು ತೆಗೆದಿರೋದು ದೂಳಿನ ಮೋಡ. ನಕ್ಷತ್ರಗಳ ನಡುವೆ ತೇಲೋ ದೂಳು. ಸ್ವಂತ ಬೆಳಕಿಲ್ಲ, ಅಷ್ಟು ಮಸುಕು. ಲೆನ್ಸಿನ ದೂಳು ಯಾವುದು, ಆಕಾಶದ ದೂಳು ಯಾವುದು ಅಂತ ಗೊತ್ತೇ ಆಗಲ್ಲ. ವರ್ಷದ ಕೆಲಸ ನೀರಲ್ಲಿ ಹೋಮ."

ವರ್ಷವಿಡೀ ಅವನು ತಾರಸಿಯಲ್ಲಿ ಏನು ಮಾಡುತ್ತಿದ್ದ ಎಂಬುದು ನನಗೆ ತಿಳಿದದ್ದು ಹೀಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೂ.

"ಭಾನುವಾರ ನಾನು ಬೆಳಕಿನ ಹಲಗೆ ತರ್ತೀನಿ," ಎಂದರು ಡಾಕ್ಟರು. "ಎಲ್ಲ ಕಡೆ ಒಂದೇ ಸಮ ಬೆಳಕು ಬರುತ್ತೆ."

"ಹಲಗೆ ಅಂತೆ ಹಲಗೆ," ಎಂದರು ಮೇಷ್ಟ್ರು. "ಬೆಳಗಿನ ಆಕಾಶಕ್ಕಿಂತ ಸಮ ಯಾವುದಯ್ಯಾ? ಒಂದು ಬಿಳೀ ಬನಿಯನ್ ಕಟ್ಟಿದ್ರೆ ಮುಗೀತು."

"ನಿಮ್ಮ ಬನಿಯನ್ ಫ್ಲ್ಯಾಟ್ ನೋಡಿದೀನಿ ಬಿಡಿ ಮೇಷ್ಟ್ರೇ. ನೇಯ್ಗೆ ಕಾಣ್ತಿತ್ತು."

"ನಿನ್ನ ಹಲಗೆ ಮಿಣಮಿಣ ಅನ್ನುತ್ತಲ್ಲ, ಅದು ಕಾಣಲ್ವಾ?"

"ಶನಿವಾರ ಲೆನ್ಸ್ ಕೊಡಬೇಕು," ಎಂದೆ.

ಇಬ್ಬರೂ ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗಲೂ ಬನಿಯನ್ ಬಗ್ಗೆಯೇ ವಾದ ನಡೆಯುತ್ತಿತ್ತು. ಗೇಟಿನ ಹೊರಗೆ ಹೊಸ ದೀಪದ ಕೆಳಗೆ ನಿಂತು ಇಬ್ಬರೂ ಮೇಲೆ ನೋಡಿದರು. "ಅಯ್ಯೋ ಪಾಪ," ಎಂದರು ಮೇಷ್ಟ್ರು. ಸಾವಿನ ಮನೆಗೆ ಬಂದಿದ್ದ ಆ ಇಬ್ಬರ ಬಾಯಿಂದ ಆ ಮಾತು ಅಲ್ಲಿಯವರೆಗೆ ಬಂದಿರಲಿಲ್ಲ.

ಅತ್ತೆ ಲೋಟಗಳನ್ನು ಎತ್ತುತ್ತ ಕೇಳಿದರು. "ಅದನ್ನ ಮಾಡದೇ ಇದ್ರೆ ಅವನು ತೆಗೆದಿದ್ದು ನಾವು ನೋಡಕ್ಕಾಗಲ್ವಾ?"

"ಆಗಲ್ಲವಂತೆ."

"ಮುಗಿದ ಮೇಲೆ ತೋರಿಸ್ತೀನಿ ಅಂದಿದ್ದ."

"ಹೌದು ಅತ್ತೆ."

"ಹಾಗಾದ್ರೆ ಮುಗಿಸೇ," ಎಂದರು. ಅಳುವ ದನಿಯಲ್ಲ. ಪಾತ್ರೆ ಬಾಕಿ ಇದ್ದರೆ ಹೇಳುವ ದನಿ.

ಮಾರನೆಯ ದಿನ ಬಿಳಿ ಬಟ್ಟೆ ಹುಡುಕಿಕೊಂಡು ತಾರಸಿಯ ಕೋಣೆಗೆ ಹೋದೆ. ಅತ್ತೆ ನನಗಿಂತ ಮೊದಲೇ ಅಲ್ಲಿದ್ದರು. ಮಂಡಿ ನೋವೆಂದು ಎರಡು ವರ್ಷದಿಂದ ಮೇಲೆ ಹತ್ತದವರು ಸ್ಟೂಲಿನ ಮೇಲೆ ಕುಳಿತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಲೆನ್ಸು ಫಳಫಳ ಹೊಳೆಯುತ್ತಿತ್ತು.

ಅದರ ಮೇಲೊಂದು ಕಪ್ಪು ಟೇಪು ಇರಬೇಕಿತ್ತು. ನಕ್ಷತ್ರಗಳು ಚುಕ್ಕೆಯಾಗಿ ನಿಲ್ಲುವಂತೆ ಫೋಕಸ್ ಉಂಗುರವನ್ನು ತಿರುಗಿಸಿ, ಅಲುಗದಂತೆ ಅವನೇ ಸುತ್ತಿದ್ದು.

"ಅತ್ತೆ, ಟೇಪ್ ಎಲ್ಲಿ?"

"ಗಲೀಜಾಗಿತ್ತು ಕಣೆ. ಅಂಟೆಲ್ಲ ಕೈಗೆ ಬರ್ತಿತ್ತು. ಎಣ್ಣೆ ಹಚ್ಚಿ ತೆಗೆದೆ. ಬೇರೆಯೋರ ವಸ್ತು, ಹಾಗೇ ಕೊಟ್ರೆ ಏನಂದ್ಕೋತಾರೆ?"

"ಉಂಗುರ ತಿರುಗಿತಾ?"

"ತಿರುಗಲಿಲ್ಲ, ನಾನೇ ತಿರುಗಿಸ್ದೆ. ಸಂದೀಲೆಲ್ಲ ಕೊಳೆ ಇತ್ತು." ನನ್ನ ಮುಖ ನೋಡಿ ನಿಧಾನವಾದರು. "ಬಿಚ್ಚಲಿಲ್ಲಮ್ಮ. ಬಿಚ್ಚಬೇಡಿ ಅಂದಿದ್ರಲ್ಲ. ಬಿಚ್ಚದೇ ಒರೆಸ್ದೆ."

ಬಿಚ್ಚಬೇಡಿ ಎಂದಿದ್ದರು. ತಿರುಗಿಸಬೇಡಿ ಎಂದು ಅತ್ತೆಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಬೈಯಬಹುದಿತ್ತು. ಅದಕ್ಕೂ ಮೈಯಲ್ಲಿ ಒಂದಷ್ಟು ಕಾವು ಬೇಕು. ನಾನು ಮೇಷ್ಟ್ರಿಗೆ ಫೋನ್ ಮಾಡಿದೆ.

ಅವರು ಮೊದಲು "ಅಯ್ಯೋ" ಎಂದರು. ಆಮೇಲೆ ನಕ್ಕರು. "ಅಮ್ಮನ ಕೈಗೆ ಸಿಕ್ಕಿದ್ರೆ ಇನ್ನೇನು. ಹೋಗ್ಲಿ ಬಿಡಮ್ಮ. ಫ್ಲ್ಯಾಟ್‌ಗೆ ಫೋಕಸ್ ಹತ್ತತ್ರ ಇದ್ರೆ ಸಾಕು, ಕೂದಲು ಸೀಳೋದು ಬೇಕಿಲ್ಲ. ದೂರದ್ದು ಏನಾದ್ರೂ ನೋಡ್ಕೊಂಡು ಇಟ್ಕೋ. ಎಷ್ಟು ದೂರದ್ದೋ ಅಷ್ಟು ಒಳ್ಳೇದು. ಹಲ್ಲಿನೋನಿಗೆ ಮಾತ್ರ ಹೇಳ್ಬೇಡ, ಎದೆ ಒಡ್ಕೋತಾನೆ."

ಡಬ್ಬಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತಾರಸಿಗೆ ತಂದೆ. ಲ್ಯಾಪ್‌ಟಾಪನ್ನು ಒಣಗಲು ಹಾಕಿದ್ದ ಬೆಡ್‌ಶೀಟಿನ ನೆರಳಲ್ಲಿಟ್ಟೆ. ನಮ್ಮ ತಾರಸಿಯಿಂದ ಕಾಣುವ ಅತಿ ದೂರದ ವಸ್ತು ವಿದ್ಯುತ್ ಚಿತಾಗಾರದ ಹೊಗೆಕೊಳವೆ. ಬೇರೆ ಏನಾದರೂ ಇದೆಯೇ ಎಂದು ಸುತ್ತ ನೋಡಿದೆ. ಒಂದು ನೀರಿನ ಟ್ಯಾಂಕು ಇತ್ತು, ಅದು ಹತ್ತಿರ.

ಹೊಗೆಕೊಳವೆಗೇ ತಿರುಗಿಸಿದೆ. ಮೊದಲು ಬೂದು ಬಣ್ಣದ ಗಾಳಿಯಂತೆ ಕಂಡಿತು. ಉಂಗುರ ತಿರುಗಿಸಿದಂತೆ ಅಂಚು ಬಂತು, ಇಟ್ಟಿಗೆ ಬಂತು, ಪಕ್ಕದ ಕಬ್ಬಿಣದ ಏಣಿ ಬಂತು. ಒಳ್ಳೆಯ ಲೆನ್ಸು. ಏಣಿಯ ಮೆಟ್ಟಿಲು ಎಣಿಸಬಹುದಿತ್ತು.

"ಏನು ಕಾಣ್ತಿದೆ?" ಅತ್ತೆ ಬಂದು ಬಗ್ಗಿದರು. ನೋಡಿದರು. ನೆಟ್ಟಗಾದರು. "ಹೊಗೆ ಇಲ್ಲ ಇವತ್ತು," ಎಂದರು.

ಹೊಸ ಟೇಪು ಸುತ್ತಿದೆ. ಬಿಳಿ ಬಟ್ಟೆ ಎಂದರೆ ಅವನ ಕಚೇರಿಯ ಅಂಗಿಯೊಂದರ ಬೆನ್ನು. ಬನಿಯನ್ನಿನಲ್ಲಿ ನೇಯ್ಗೆ ಕಾಣುತ್ತದೆ ಎಂದಿದ್ದರಲ್ಲ. ಅತ್ತೆ ಅದನ್ನು ಎರಡು ಮಡಿಕೆ ಮಾಡಿ ಲೆನ್ಸಿನ ಮೂತಿಗೆ ಸುಕ್ಕಿಲ್ಲದಂತೆ ಎಳೆದು, ನನ್ನ ತಲೆಯ ರಬ್ಬರ್ ಬ್ಯಾಂಡ್ ಹಾಕಿದರು. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿ ಅಭ್ಯಾಸವಿದ್ದ ಕೈ. ಡಾಕ್ಟರ ಹಲಗೆ ಇಷ್ಟು ಸಮ ಇರುತ್ತಿತ್ತೋ ಇಲ್ಲವೋ. ಆಮೇಲೆ ಡಬ್ಬಿಯನ್ನು ನೆತ್ತಿಯ ಆಕಾಶಕ್ಕೆ ತಿರುಗಿಸಿ, ತೆಗೆಯುತ್ತ ಹೋದೆ.

ಒಂದೊಂದೂ ಒಂದೇ ತರ. ನಡುವೆ ತಿಳಿ ಬೂದು, ಮೂಲೆಗಳಲ್ಲಿ ಗಾಢ ಬೂದು. ಅಲ್ಲಲ್ಲಿ ಸಣ್ಣ ಮಸುಕು ಉಂಗುರಗಳು. ಒಳಗಿನ ಗಾಜಿನ ಮೇಲಿನ ದೂಳು. ಅತ್ತೆಯ ಕೈಗೆ ಸಿಗದೆ ಉಳಿದದ್ದು.

"ಏನೂ ಇಲ್ವಲ್ಲೇ ಇದರಲ್ಲಿ?"

"ಇದೇ ಬೇಕಾಗಿದ್ದು ಅತ್ತೆ."

"ಇನ್ನೂ ಎಷ್ಟು ತೆಗೀಬೇಕು?"

"ತುಂಬಾ. ಒಂದನ್ನೇ ನಂಬೋಕಾಗಲ್ಲ, ಸರಾಸರಿ ಬೇಕು."

ಅವರು ಸ್ಟೂಲು ತಂದು ಪಕ್ಕದಲ್ಲಿ ಕುಳಿತರು. ಏನೂ ಇಲ್ಲದ ಫೋಟೋಗಳನ್ನು ಇಬ್ಬರೂ ಕೊನೆಯವರೆಗೆ ನೋಡಿದೆವು. ಸಾವಿನ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಆ ಮಧ್ಯಾಹ್ನ ಹೋಯಿತು.

ಕೂಡುವುದು, ಭಾಗಿಸುವುದು ಲ್ಯಾಪ್‌ಟಾಪಿನ ಕೆಲಸ. ಯಾವುದರಿಂದ ಯಾವುದನ್ನು ಭಾಗಿಸಬೇಕೆಂದು ಹೇಳುವುದಷ್ಟೇ ನನ್ನದು. ಓದಿದ್ದು ಇಷ್ಟಕ್ಕಾದರೂ ಸಾಕಾಯಿತು. ಸಂಜೆ ಶುರು ಮಾಡಿಟ್ಟು ಮಲಗಿದೆ. ಕಿಟಕಿಯಲ್ಲಿ ಡಬಲ್ ಪವರ್ ಬೆಳಕು ಬೀಳುತ್ತಿತ್ತು; ಪರದೆ ಎಳೆದೆ.

ಬೆಳಿಗ್ಗೆ ಫೋಟೋ ಸಿದ್ಧವಾಗಿತ್ತು. ಮೊದಲು ಪೂರ್ತಿ ಕಪ್ಪು. ಬೆಳಕು ಹೆಚ್ಚಿಸುತ್ತ ಹೋದಂತೆ ನಕ್ಷತ್ರಗಳು ಚೆಲ್ಲಿದ ಉಪ್ಪಿನ ಹಾಗೆ ಬಂದವು. ಮೂಲೆಗಳು ಕಪ್ಪಾಗಿರಲಿಲ್ಲ. ದೂಳಿನ ಉಂಗುರಗಳು ಇರಲಿಲ್ಲ. ನಡುವೆ ಕಂದು ಬಣ್ಣದ ಒಂದು ಕಲೆ; ಬಟ್ಟೆಯ ಮೇಲೆ ಚಹಾ ಚೆಲ್ಲಿ ಅರ್ಧ ಒರೆಸಿ ಬಿಟ್ಟ ಹಾಗೆ. ಆ ಕಲೆಯ ಹಿಂದೆ ನಕ್ಷತ್ರಗಳು ಕಡಿಮೆ.

ಅತ್ತೆಯನ್ನು ಕರೆದೆ. ಕನ್ನಡಕ ಹಾಕಿಕೊಂಡು ಬಂದರು.

"ಇಷ್ಟೇನಾ?"

"ಇಷ್ಟೇ."

"ಇದು ದೂಳಾ?"

"ದೂಳು."

ಪರದೆಗೆ ಮುಖ ಹತ್ತಿರ ತಂದರು. ಬೆರಳು ಎತ್ತಿದರು, ಮುಟ್ಟಲಿಲ್ಲ. "ಎಷ್ಟು ದೊಡ್ಡದಿರಬಹುದು ಇದು?"

"ಸೂರ್ಯನಿಂದ ಪಕ್ಕದ ನಕ್ಷತ್ರಕ್ಕೆ ಎಷ್ಟು ದೂರವೋ, ಅದಕ್ಕಿಂತ ದೊಡ್ಡದು."

ಅತ್ತೆ ಯೋಚಿಸಿದರು. ಜೀವಮಾನವೆಲ್ಲ ಕಸ ಗುಡಿಸಿದವರು.

"ಅಷ್ಟು ದೊಡ್ಡದಾದ್ರೆ ವರ್ಷ ಬೇಕು ಬಿಡು," ಎಂದರು. "ನಾನು ಸುಮ್ನೆ ಬೈದೆ ಅವನಿಗೆ."

ಅಲ್ಲಿಂದ ಎದ್ದು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಹಳ ಹೊತ್ತು ಹರಿಯಿತು. ನಾನು ಮೇಲೆ ಹೋಗಿ ಟೇಪು ಕಿತ್ತು, ಲೆನ್ಸನ್ನು ಡಬ್ಬಿಯಿಂದ ಬಿಚ್ಚಿದೆ. ಬೆರಳಿಗೆ ಸ್ವಲ್ಪ ಅಂಟು ಹತ್ತಿತು. ಲೆನ್ಸಿನ ಮೇಲೂ ಉಳಿದಿತ್ತು. ಎಣ್ಣೆ ಹಚ್ಚಿ ಒರೆಸಿದೆ.

ಶನಿವಾರ ಸ್ಟುಡಿಯೋದ ಮುಂದೆ ನರ್ಸಿಂಗ್ ಕಾಲೇಜಿನ ಹುಡುಗಿಯರು ಸಾಲಾಗಿ ನಿಂತು ಒಬ್ಬರ ಕೂದಲು ಒಬ್ಬರು ಸರಿಮಾಡುತ್ತಿದ್ದರು. ನನ್ನನ್ನು ಕಂಡ ಸ್ಮೈಲ್ ಮಾಮ ಗಡಬಡಿಸಿ ಎದ್ದರು.

"ಯಾಕಮ್ಮಾ ಅವಸರ ಮಾಡ್ಕೊಂಡು ಬಂದೆ? ಸೋಮವಾರ ಕೊಟ್ಟಿದ್ರೂ ಆಗ್ತಿತ್ತು." ಕಣ್ಣು ನನ್ನ ಚೀಲದ ಮೇಲಿತ್ತು.

"ಮೊದಲು ಒಂದು ಪ್ರಿಂಟ್ ಬೇಕು ಮಾಮ. ಅತ್ತೆ ಕೇಳಿದಾರೆ." ಪೆನ್‌ಡ್ರೈವ್ ಕೊಟ್ಟೆ.

ಅವರು ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿದರು. "ನನ್ನ ಲೆನ್ಸ್‌ದಾ ಇದು? ಭೇಷ್. ಮೂಲೆವರೆಗೂ ಚುಕ್ಕೆ ಚುಕ್ಕೆ ಬಂದಿದೆ ನೋಡು." ಆಮೇಲೆ ಹುಬ್ಬು ಗಂಟಿಕ್ಕಿತು. "ಅಯ್ಯೋ, ಮಧ್ಯದಲ್ಲೇ ಕಲೆ ಬಿದ್ದಿದೆಯಲ್ಲಮ್ಮಾ. ಇರು, ಎರಡು ನಿಮಿಷ, ತೆಗೆದುಬಿಡ್ತೀನಿ. ಗೊತ್ತೇ ಆಗಲ್ಲ." ಮೌಸು ಆಗಲೇ ಅಲ್ಲಿಗೆ ಹೋಗಿತ್ತು. ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು ತೆಗೆದು ತೆಗೆದು ಆ ಕೈಗೆ ಕೇಳುವ ಅಭ್ಯಾಸವೇ ಇಲ್ಲ.

"ಬೇಡ ಮಾಮ. ಅದೇ ಫೋಟೋ."

"ಯಾವುದು?"

"ಆ ಕಲೆ. ಅವರು ತೆಗೆದಿದ್ದು ಅದನ್ನೇ."

ಒಮ್ಮೆ ನನ್ನನ್ನು, ಒಮ್ಮೆ ಕಲೆಯನ್ನು ನೋಡಿದರು. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ವರ್ಷ ಪೂರ್ತಿ?"

"ವರ್ಷ ಪೂರ್ತಿ."

"ಹಾಗಿದ್ರೆ ಇರಲಿ," ಎಂದರು. "ದೊಡ್ಡ ಸೈಜಲ್ಲೇ ಹಾಕ್ತೀನಿ."

ಪ್ರಿಂಟು ಒಣಗುವವರೆಗೆ ಕಾದೆ. ಅದನ್ನು ಲಕೋಟೆಗೆ ಹಾಕಿ ಕೊಟ್ಟ ಮೇಲೆ ನಾನು ಚೀಲದಿಂದ ಲೆನ್ಸ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಎತ್ತಿ ಬೆಳಕಿಗೆ ಹಿಡಿದು, ತಮ್ಮ ಕ್ಯಾಮೆರಾಗೆ ತಿರುಗಿಸಿ ಕೂರಿಸಿದರು. ಒಳಗೆ ಟಿಕ್ ಎಂದಿತು.

"ನೋಡ್ದಾ? ಈಗ ಒಳಗಿನ ಬೆಳಕಿನ ಕಿಂಡಿ ಪೂರ್ತಿ ತೆರೀತು. ಡಬ್ಬಿ ಕ್ಯಾಮೆರಾಗೆ ಇದರ ಭಾಷೆ ಗೊತ್ತಿಲ್ಲ, ಕಿಂಡಿ ತೆಗಿ, ಮುಚ್ಚು ಅಂತ ಹೇಳಕ್ಕೆ ಬರಲ್ಲ. ಅದಕ್ಕೇ ನನ್ನ ಕ್ಯಾಮೆರಾಲಿ ಕಿಂಡಿ ಸ್ವಲ್ಪ ಮುಚ್ಚಿಸಿ, ಗುಂಡಿ ಒತ್ತಿ ಹಿಡ್ಕೊಂಡೇ ಲೆನ್ಸ್ ಕಿತ್ಕೊಂಡ ನಿನ್ನ ಗಂಡ. ಎದೆ ಝಲ್ಲಂತು ನಂಗೆ. ಹಾಳ್ ಮಾಡ್ತೀಯಲ್ಲೋ ಅಂದೆ. ನಕ್ಷತ್ರ ಚೂಪಾಗಿ ಬರ್ಬೇಕು ಮಾಮ, ಒಂದು ವಾರ, ಅಂದ." ಲೆನ್ಸಿನ ಮೂತಿಯನ್ನು ಬೆರಳಿನಿಂದ ತಡವಿದರು. "ಇದೇನು, ಎಣ್ಣೆ ಎಣ್ಣೆ?"

"ಅತ್ತೆ ಒರೆಸಿದ್ರು. ಆಮೇಲೆ ನಾನೂ."

"ಒಳ್ಳೇದಾಯ್ತು," ಎಂದು ಅಂಗಿಯ ತುದಿಯಿಂದ ತಾವೂ ಒಮ್ಮೆ ಒರೆಸಿದರು.

ಸಾಲಿನ ಮೊದಲ ಹುಡುಗಿ ಒಳಗೆ ಬಂದು ಪರದೆಯ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಮಾಮ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಉಂಗುರ ತಿರುಗಿಸತೊಡಗಿದರು. ದೂರದಿಂದ ಹತ್ತಿರಕ್ಕೆ ಬಹಳ ತಿರುಗಿಸಬೇಕಾಯಿತು. ನಾನು ಲಕೋಟೆ ಹಿಡಿದು ನಡುವೆ ನಿಂತಿದ್ದೆ.

"ಸ್ವಲ್ಪ ಪಕ್ಕಕ್ಕೆ ಬಾಮ್ಮಾ," ಎಂದರು.

ಪಕ್ಕಕ್ಕೆ ಸರಿದೆ.